ಮೆಟ್ರೊ: ಸುರಕ್ಷತಾ ತಪಾಸಣೆ ಒಮ್ಮೆಗೇ ಮುಗಿಯದಿರಲಿ

ಹೊಸ ಮೆಟ್ರೊ ಮಾರ್ಗಕ್ಕೆ ಸಂಚಾರ ಆರಂಭಕ್ಕೆ ಮುನ್ನ ಸಿಗುವ ಸುರಕ್ಷತಾ ಅನುಮತಿಯನ್ನೇ ಶಾಶ್ವತ ಖಾತರಿ ಎಂದು ಭಾವಿಸುವುದು ತಪ್ಪು. ಆ ಹಂತದ ಪರೀಕ್ಷೆಗಳೇನೋ ಕಠಿಣವಾಗಿಯೇ ಇರುತ್ತವೆ. ಬೋಗಿಗಳಿಗೆ ಪ್ರಯಾಣಿಕರ ತೂಕದಷ್ಟು ಮರಳಿನ ಮೂಟೆ ತುಂಬಿ, ನಿಗದಿತ ಗರಿಷ್ಠ ವೇಗವನ್ನೂ ಮೀರಿ ಓಡಿಸಿ ಕಂಪನ ಅಳೆಯುತ್ತಾರೆ. ಹಳಿ, ಸಿಗ್ನಲ್, ಬ್ರೇಕ್, ತುರ್ತು ನಿರ್ಗಮನ ಎಲ್ಲವನ್ನೂ ಮೆಟ್ರೊ ರೈಲು ಸುರಕ್ಷತಾ ಆಯುಕ್ತರು ನೋಡುತ್ತಾರೆ. ಆದರೆ ಕಾಂಕ್ರೀಟಿನ ಒಳಗಿನ ಟೊಳ್ಳು ಇದರಲ್ಲಿ ಕಾಣುವುದಿಲ್ಲ. ಬೆಂಗಳೂರಿನ ಎಂ.ಜಿ. ರಸ್ತೆ–ಬೈಯಪ್ಪನಹಳ್ಳಿ ಮಾರ್ಗ 2011ರ ಅಕ್ಟೋಬರ್‌ನಲ್ಲಿ ಆರಂಭವಾಯಿತು. ಇದೇ ಮಾರ್ಗದ ಟ್ರಿನಿಟಿ ನಿಲ್ದಾಣದ ಬಳಿ, ಹಳಿಯನ್ನು ಹೊತ್ತ ಕಾಂಕ್ರೀಟಿನಲ್ಲಿ ಜೇನುಗೂಡಿನಂಥ ಟೊಳ್ಳು ಪತ್ತೆಯಾದದ್ದು 2018ರ ಡಿಸೆಂಬರ್‌ನಲ್ಲಿ. ರೈಲಿನ ವೇಗ ತಗ್ಗಿಸಿ, ಸಂಚಾರ ನಿಲ್ಲಿಸಿ ದುರಸ್ತಿ ಮಾಡಬೇಕಾಯಿತು. ಏಳು ವರ್ಷ ಜನ ಅದರ ಮೇಲೆಯೇ ಓಡಾಡಿದ್ದರು!

ಕಂಬಕ್ಕೂ ಅದರ ಮೇಲಿನ ತೊಲೆಗೂ ನಡುವೆ ಇರುವ ಬೇರಿಂಗ್‌ನ ಸವೆತ, ಕಂಬ ನೆಲದೊಳಕ್ಕೆ ತುಸು ಇಳಿಯುವುದು ಕೂಡ ಹಲವು ಬಾರಿ ಹೊರೆ ಬಿದ್ದ ಮೇಲಷ್ಟೇ ಗೊತ್ತಾಗುವಂಥವು. 2002ರ ಮೆಟ್ರೊ ಕಾಯ್ದೆಯಡಿ ಕೇಂದ್ರ ಸರ್ಕಾರ ಸೂಚಿಸಿದರೆ ಆಯುಕ್ತರು ನಿಯತಕಾಲಿಕ ತಪಾಸಣೆಯನ್ನೂ ನಡೆಸಬಹುದು. ಪ್ರತಿ ಐದು ವರ್ಷಕ್ಕೊಮ್ಮೆ ಕಂಬಗಳ ಅಲ್ಟ್ರಾಸಾನಿಕ್ (ಶಬ್ದಾತೀತ ತರಂಗಗಳ) ಪರೀಕ್ಷೆ, ಬೇರಿಂಗ್‌ಗಳ ಪರಿಶೀಲನೆಯೊಂದಿಗೆ ಇಂಥ ತಪಾಸಣೆಯನ್ನು ಕಡ್ಡಾಯಗೊಳಿಸಬೇಕು. ಆಯುಕ್ತರು ವಿಧಿಸಿದ ಷರತ್ತುಗಳನ್ನೂ ಅವುಗಳ ಪಾಲನೆಯ ವಿವರವನ್ನೂ ಮೆಟ್ರೊ ನಿಗಮಗಳು ಕನ್ನಡದಲ್ಲಿ ಪ್ರಕಟಿಸಲಿ.

– ಓದುಗ, ಬೆಂಗಳೂರು