ಮೂರನೇ ಮಾಳಿಗೆ ಅಕ್ಕನಿಗೆ, ಮತ್ತೆ ನಿಮಗೆಲ್ರಿಗೂ

ನಿನ್ನೆ ಡಾಕ್ಟ್ರು ನನ್ನ ಕಾಲಿನ ಗಾಯ ನೋಡಿ ಇನ್ನು ಡ್ರೆಸ್ಸಿಂಗ್ ಬೇಡ ಅಂದ್ರು. ಏನಾಯ್ತು, ಹೇಗಾಯ್ತು ಅಂತ ನಿಮಗೆ ಗೊತ್ತೇ ಉಂಟು, ಮತ್ತೆ ಬರಿಯುದಿಲ್ಲ. ರಕ್ತ ಕೊಟ್ಟ ಆಫೀಸಿನವ್ರು, ಮಾಟುಂಗಾದಿಂದ ಡೊಂಬಿವಲಿ ತನಕ ಮುಂಬೈ ಲೋಕಲ್ ಟ್ರೈನಲ್ಲಿ ನೇತಾಡಿಕೊಂಡು ಬಂದ ಗೆಳೆಯರು, ಊರಿಂದ ದಿನಾ ಫೋನ್ ಮಾಡಿದ ಚಿಕ್ಕಮ್ಮ, ಎಲ್ರಿಗೂ ಥ್ಯಾಂಕ್ಸ್ ಮಾರ್ರೆ.

ಮೂರನೇ ಮಾಳಿಗೆ ಅಕ್ಕನ ವಿಷಯ ಮಾತ್ರ ಒಂದು ಲೈನಲ್ಲಿ ಮುಗಿಯುದಿಲ್ಲ. ಧಾರವಾಡದ ಕಡೆಯವ್ರು, ರಿಟೈರ್ಡ್ ನರ್ಸ್. ಆ ಮಳೆ ದಿನ ಕುರ್ಲಾ ಹತ್ರ ಟ್ರ್ಯಾಕ್ ಮೇಲೆ ನೀರು, ನನ್ನ ಹೆಂಡತಿ ಆಫೀಸಲ್ಲೇ ಬಾಕಿ, ಇಲ್ಲಿ ನನಗೆ ಜ್ವರ ಏರ್ತಾ ಉಂಟು, ಗಾಯಕ್ಕೆ ಇಟ್ಟ ಗಾಜ್ ಬಟ್ಟೆ ಎಲ್ಲ ಕೆಂಪು, ಗಾಯ ಕೊಳೀತಾ ಉಂಟು ಅಂತಲೇ ನಾನು ತಿಳ್ಕೊಂಡಿದ್ದೆ. ಅಕ್ಕ ಡಾಕ್ಟ್ರಿಗೆ ಫೋನ್ ಮಾಡಿ, ಟಾರ್ಚ್ ಹಿಡ್ದು ನೋಡಿದ್ರು. "ಹೆದರಬ್ಯಾಡೋ ತಮ್ಮಾ, ಕೆಂಪಗ ಕಾಳುಕಾಳು ಕಾಣತದಲ್ಲ, ಅದು ಹೊಸಾ ಮಾಂಸ. ಕಪ್ಪಾದ್ರ, ವಾಸನಿ ಬಂದ್ರ ಚಿಂತಿ ಮಾಡೂಣು."

ಹೊಲಿಗೆ ಯಾಕೆ ಹಾಕ್ಲಿಲ್ಲ ಅಂತ ನನಗೆ ಸರಿಯಾಗಿ ಹೇಳಿದ್ದೂ ಅವರೇ. ಮೇಲಿಂದ ಮುಚ್ಚಿದ್ರೆ ಕೀವು ಒಳಗೇ ಉಳೀತದೆ, ಹಾಗಾಗಿ ಗಾಯ ಅಡಿಯಿಂದ ತುಂಬ್ಕೊಂಡು ಬರ್ಬೇಕು. ಹೊಸ ಮಾಂಸದ ತುಂಬ ಕೂದಲಿಗಿಂತ ಸಣ್ಣ ರಕ್ತನಾಳಗಳು, ಅದಕ್ಕೇ ಗಾಜ್ ಬಟ್ಟೆ ತಾಗಿದ್ರೂ ರಕ್ತ ಬರುದು. ಚರ್ಮ ಆಮೇಲೆ ಅಂಚಿಂದ ಸ್ವಲ್ಪ ಸ್ವಲ್ಪವೇ ಅದರ ಮೇಲೆ ಸರೀತದೆ, ಅದಕ್ಕೆ ಪಸೆ ಬೇಕು. ಅಮ್ಮ ಫೋನಲ್ಲಿ "ಗಾಳಿಗೆ ಬಿಡು, ಒಣಗ್ಲಿ" ಅಂದಾಗ ಅಕ್ಕ ಫೋನ್ ಕಸ್ಕೊಂಡು ಅಮ್ಮನಿಗೇ ಕ್ಲಾಸ್ ತಕ್ಕೊಂಡ್ರು.

ನಡುರಾತ್ರಿ ಕಳೆದ ಮೇಲೆ ನಾನು ಕಾಲು ಕಡ್ದುಬಿಡ್ಲಿ ಅಕ್ಕ, ಸಾಕಾಯ್ತು ಅಂದೆ. ಹೆಂಡತಿ ಎದುರು ಅಳದವ ಅವರೆದುರು ಗೊಳೋ ಅಂತ ಅತ್ತೆ. ಅವರು ಸಮಾಧಾನ ಏನೂ ಹೇಳ್ಲಿಲ್ಲ, ಹಣೆ ಮೇಲೆ ಒದ್ದೆ ಬಟ್ಟೆ ಬದಲಾಯಿಸ್ತಾ ಹಾಲಿನವ ಬರುವ ತನಕ ತನ್ನ ಅತ್ತೆ ಜೊತೆ ಆದ ಜಗಳದ ಕತೆ ಹೇಳಿದ್ರು. ಭಯಂಕರ ಕತೆ, ಇಲ್ಲಿ ಬೇಡ.

ಈಗ ಕಲೆ ನೇರಳೆ ಬಣ್ಣ ಉಂಟು. ಮೊದಲು ಅರ್ಜೆಂಟಲ್ಲಿ ಹಾಕಿದ ಕೊಲಾಜನ್ (ಚರ್ಮಕ್ಕೆ ಬಲ ಕೊಡುವ ನಾರಿನಂಥ ಪ್ರೋಟೀನ್) ಎಲ್ಲ ತೆಗ್ದು ದೇಹ ಗಟ್ಟಿದು ಹಾಕ್ತಾ ಹೋಗ್ತದಂತೆ, ಒಂದು ವರ್ಷವೂ ಹಿಡೀಬಹುದು, ಆದ್ರೂ ಮೊದಲಿನ ಚರ್ಮದ ಸುಮಾರು 80% ಬಲ ಬಂದ್ರೆ ಹೆಚ್ಚು. ನನಗೇನು ಫುಟ್‌ಬಾಲ್ ಆಡ್ಲಿಕ್ಕಿಲ್ಲ, ಸಾಕು.

ಮತ್ತೆ, ಗಾಯ ತುಂಬ್ಲಿಕ್ಕೆ ಪ್ರೋಟೀನ್ ಬೇಕು ಅಂತ ಅಕ್ಕ ಬಿಲ್ಡಿಂಗ್ ಇಡೀ ಹೇಳಿಕೊಂಡು ಬಂದಿದ್ದಾರೆ. ಫ್ರಿಜ್ಜಲ್ಲಿ ಜಾಗ ಇಲ್ಲ, ದಯವಿಟ್ಟು ಇನ್ನು ಯಾರೂ ಮೊಟ್ಟೆ ಕಳಿಸ್ಬೇಡಿ.