ಹಳೆಯ ಕನ್ನಡ ಪತ್ರಿಕೆಗಳಲ್ಲೂ ಹುಡುಕಲು ಸಾಧ್ಯವಾಗಲಿ

ಮಾನ್ಯ ಸಂಪಾದಕರೇ,

ನಾಲ್ವಡಿ ಕೃಷ್ಣರಾಜ ಒಡೆಯರು 1940ರ ಆಗಸ್ಟ್ 3ರಂದು ನಿಧನರಾದ ಸುದ್ದಿ ದೂರದ ದೇಶಗಳಲ್ಲಿ ಹೇಗೆ ಅಚ್ಚಾಗಿತ್ತು ಎಂಬ ಕುತೂಹಲದಿಂದ ಇತ್ತೀಚೆಗೆ ಅಲ್ಲಿನ ಹಳೆಯ ಪತ್ರಿಕೆಗಳನ್ನು ಹುಡುಕಿ ಓದಬಹುದಾದ, ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ರಂಥಾಲಯದ ‘ಟ್ರೋವ್’ ಜಾಲತಾಣವನ್ನು ತೆರೆದೆ. ಓದಲು ಶುಲ್ಕವಿಲ್ಲ, ಸದಸ್ಯತ್ವವೂ ಬೇಕಿಲ್ಲ. ಇಂಗ್ಲಿಷಿನಲ್ಲಿ ‘ಮೈಸೂರ್’ ಎಂದಷ್ಟೇ ಕೊಟ್ಟರೆ ಬೇಡದ ಫಲಿತಾಂಶಗಳ ರಾಶಿಯೇ ಬೀಳುತ್ತದೆ. ‘ಮಹಾರಾಜ ಆಫ್ ಮೈಸೂರ್’ ಎಂಬುದನ್ನು ಉದ್ಧರಣ ಚಿಹ್ನೆಯೊಳಗಿಟ್ಟು, ಅಂದಿನ ರೂಢಿಯಂತೆ ‘ಮಹಾರಾಜ’ದ ಕೊನೆಗೆ ‘ಎಚ್’ ಅಕ್ಷರ ಸೇರಿಸಿ, ಅವಧಿಯನ್ನು ಆ ಒಂದು ತಿಂಗಳಿಗೆ ಮಿತಿಗೊಳಿಸಿದರೆ ಹುಡುಕಾಟ ಹದಕ್ಕೆ ಬರುತ್ತದೆ.

ನನ್ನ ಮನಸ್ಸನ್ನು ಹೆಚ್ಚು ಸೆಳೆದದ್ದು ಅಲ್ಲಿನ ತಿದ್ದುಪಡಿ ವ್ಯವಸ್ಥೆ. ಎಡಗಡೆ ಯಂತ್ರ ಓದಿದ ಪಠ್ಯ, ಬಲಗಡೆ ಮೂಲ ಪುಟದ ಚಿತ್ರ. ಮಸುಕಾದ ಅಚ್ಚಿನಲ್ಲಿ ಯಂತ್ರ ತಪ್ಪಾಗಿ ಓದಿದ ಸಾಲುಗಳನ್ನು ಯಾವ ಓದುಗರಾದರೂ ಅಲ್ಲಿಯೇ ಸರಿಪಡಿಸಬಹುದು. ಒಬ್ಬರು ತಿದ್ದಿದ ಹೆಸರು ಮುಂದೆ ಹುಡುಕುವ ಎಲ್ಲರಿಗೂ ಸಿಗುತ್ತದೆ. ಹಕ್ಕುಸ್ವಾಮ್ಯದ ಕಾರಣ ಹೆಚ್ಚಿನ ಪತ್ರಿಕೆಗಳು 1954ರವರೆಗೆ ಮಾತ್ರ ಇವೆ ಎಂಬುದನ್ನು ಬಳಸುವವರು ನೆನಪಿಡಬೇಕು.

1843ರಲ್ಲಿ ‘ಮಂಗಳೂರ ಸಮಾಚಾರ’ದಿಂದ ಆರಂಭವಾದ ಕನ್ನಡ ಪತ್ರಿಕೆಗಳಿಗೂ ಇಂಥದೇ ಸೌಲಭ್ಯ ಬೇಕು. ಮುಟ್ಟಿದರೆ ಪುಡಿಯಾಗುವ ಸಂಪುಟಗಳನ್ನು ಸ್ಕ್ಯಾನ್ ಮಾಡಿದರಷ್ಟೇ ಸಾಲದು. ಊರಿನ, ವ್ಯಕ್ತಿಯ ಹೆಸರನ್ನು ಕನ್ನಡದಲ್ಲೇ ಬರೆದು ಹುಡುಕುವಂತಿರಬೇಕು, ಓದುಗರು ತಪ್ಪು ತಿದ್ದುವಂತಿರಬೇಕು. ಸಾರ್ವಜನಿಕ ಗ್ರಂಥಾಲಯ ಇಲಾಖೆ, ವಿಶ್ವವಿದ್ಯಾಲಯಗಳು ಮತ್ತು ಪತ್ರಿಕಾ ಸಂಸ್ಥೆಗಳು ಕೂಡಿ ಈ ಕೆಲಸವನ್ನು ಕೈಗೆತ್ತಿಕೊಳ್ಳಬೇಕೆಂದು ಕೋರುತ್ತೇನೆ.

— ಓರ್ವ ಓದುಗ, ಮೈಸೂರು