ಈ ಶನಿವಾರ ಮಿಕೇಲೆ ಸೊವಾವಿ ಸಿನಿಮಾ

ಗೆಳೆಯರೇ, ಇಟಲಿಯ ಹಾರರ್ ಅಂದ್ರೆ ನಾವೆಲ್ಲ ನಿರ್ದೇಶಕರಾದ ಆರ್ಜೆಂಟೊ, ಬಾವಾ ಅಂತ ನಿಂತುಬಿಡುತ್ತೇವೆ. ಆರ್ಜೆಂಟೊಗೆ ಸಹಾಯಕರಾಗಿದ್ದ ನಿರ್ದೇಶಕ ಮಿಕೇಲೆ ಸೊವಾವಿ ಹೆಸರು ಬರುವುದೇ ಇಲ್ಲ. ನನಗೆ ಇದು ನಿಜಕ್ಕೂ ಬೇಸರ.

ಈ ಶನಿವಾರ ಅವರ 1987ರ 'ಡೆಲಿರಿಯಾ' ನೋಡೋಣ. ಬೀಗ ಹಾಕಿದ ನಾಟಕಶಾಲೆ, ಒಳಗೆ ಗೂಬೆಯ ಮುಖವಾಡ ತೊಟ್ಟ ಕೊಲೆಗಾರ. ಕೊನೆಗೆ ಅವನು ಹೆಣಗಳನ್ನು ರಂಗದ ಮೇಲೆ ಜೋಡಿಸಿ ನಡುವೆ ಸುಮ್ನೆ ಕೂರುತ್ತಾನೆ. ಸುತ್ತ ಪುಕ್ಕಗಳು ಹಾರುತ್ತಿರುತ್ತವೆ. ಹಲಗೆಯ ಕೆಳಗಿನಿಂದ ನಾಯಕಿ ಬೀಗದ ಕೈಗಾಗಿ ಒದ್ದಾಡುತ್ತಾಳೆ. ಉಸಿರು ಕಟ್ಟುತ್ತೆ! ಅಷ್ಟು ಭಯದಲ್ಲೂ ಅಷ್ಟು ಚಂದ.

ಇಷ್ಟವಾದರೆ ಮುಂದಿನ ವಾರ 1994ರ 'ಡೆಲಾಮೊರ್ತೆ ಡೆಲಾಮೋರೆ'. ಸ್ಮಶಾನ ಕಾಯುವವನ ಕಥೆ, ಅವರ ಅತ್ಯುತ್ತಮ ಚಿತ್ರ ಅಂತ ನನ್ನ ನಂಬಿಕೆ. ರಕ್ತ ಜಾಸ್ತಿ ಇದೆ, ಮಕ್ಕಳನ್ನು ದೂರ ಇಡಿ. ಬರುವವರು ಇಲ್ಲೇ ತಿಳಿಸಿ.